ಆವಕ ಬರೆದಿಟ್ಟೆ, ಜಾವಕ ಮರೆತೆ

ಆ ದಿನ ಬೆಳಿಗ್ಗೆ ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟಿದೆ ಅಂತ ನೋಡಲು ಅಪ್ಪನ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್‌ನಲ್ಲಿ 96 ಬಂದಿತ್ತು. ಖುಷಿಯಾಗಿ ಹೆಂಡತಿಯನ್ನು ಕರೆದು ತೋರಿಸಿದೆ. ಹಿಂದಿನ ರಾತ್ರಿ ಅದೇ ಬೆರಳಲ್ಲಿ 84 ಇತ್ತು. ಈಗ ಅಪ್ಪ ಗೊರಕೆ ಹೊಡೆಯುತ್ತಾ ಮಲಗಿದ್ದ. ಮೂರು ರಾತ್ರಿ ಕೂತುಕೊಂಡೇ ಕಳೆದಿದ್ದಾನೆ, ಈಗಲಾದರೂ ಮಲಗಲಿ ಅಂತ ಬಾಗಿಲು ಮುಂದೆ ಮಾಡಿ ಹೊರಗೆ ಬಂದೆವು. ಅವನನ್ನು ಆಗಲೇ ಎಬ್ಬಿಸಬೇಕಿತ್ತು. ಅದು ನನಗೆ ಹೊಳೆದಿದ್ದು ಎರಡೂವರೆ ತಾಸು ಬಿಟ್ಟು.

ನಾನು ಅಮರಗೋಳ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಒಳಗೆ ಬಂದ ಸರಕು ಆವಕ, ಹೊರಗೆ ಹೋದದ್ದು ಜಾವಕ. ಮನೆ ಹಳೇ ಹುಬ್ಬಳ್ಳಿಯಲ್ಲಿ. ಅಪ್ಪ ಗದಗ-ಬೆಟಗೇರಿಯ ಹತ್ತಿ ಗಿರಣಿಯಲ್ಲಿ 30 ವರ್ಷ ದುಡಿದವನು. ಮೂಗಿಗೆ ಅರಳೆಯ ಧೂಳು, ಬಾಯಿಗೆ ಬೀಡಿ, ಎರಡೂ ಪುಕ್ಕಟೆ ಅನ್ನೋ ಹಾಗೆ ಸೇರಿಸಿದ. ಐದು ವರ್ಷದ ಹಿಂದೆ ಸಿಒಪಿಡಿ ಅಂದರು, ಉಸಿರಿನ ಕೊಳವೆಗಳು ಕಿರಿದಾಗಿ ವಾಸಿಯಾಗದೆ ಉಳಿಯುವ ಕಾಯಿಲೆ. ಅಪ್ಪನ ಪ್ರಕಾರ ಅದು ಸುಮ್ನೆ ದಮ್ಮು. ಹೋದ ವರ್ಷದಿಂದ ಮನೆಯಲ್ಲಿ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಇದೆ. ಗೋಡೆಯ ಹತ್ತಿರ ಫ್ರಿಜ್ಜಿನ ತಮ್ಮನ ಹಾಗೆ ಗುರ್ ಅಂತ ಇರುತ್ತದೆ. ಅದರಲ್ಲಿ ಒಂದು ಕೊಳವೆ, ಕೊಳವೆಯೊಳಗೆ ತೇಲುವ ಪುಟ್ಟ ಗುಂಡು. ಗುಂಡು 1ರ ಗೆರೆಯ ಮೇಲೆ ನಿಲ್ಲಬೇಕು ಅಂತ ಡಾಕ್ಟರು ಹೇಳಿದ್ದರು. ಚೀಟಿಯಲ್ಲೂ ಬರೆದಿದ್ದರು: ನಿಮಿಷಕ್ಕೆ 1 ಲೀಟರ್, ಮೀಟರ್ 88ರಿಂದ 92.

ಆ ಚೀಟಿ ಫೈಲಿನಲ್ಲಿತ್ತು. ನಾನು ಓದಿದ್ದೆ ಕೂಡ. ಆದರೆ ತಲೆಯಲ್ಲಿ ಕೂತಿದ್ದು ಕೊರೊನಾ ಕಾಲದ 94. ಆಗ ಮನೆಮನೆಗೂ ಆಕ್ಸಿಮೀಟರ್ ಬಂತಲ್ವಾ, 94ಕ್ಕಿಂತ ಕೆಳಗೆ ಹೋದರೆ ಬೆಡ್ ಹುಡುಕು ಅಂತ ಊರಿಗೂರೇ ಕಲಿತಿತ್ತು. ಹಾಗಾಗಿ ಡಿಸೆಂಬರಿನ ಆ ಥಂಡಿ ರಾತ್ರಿ, ಕೆಮ್ಮು ಜಾಸ್ತಿಯಾಗಿ ಕಫ ಹಳದಿಗೆ ತಿರುಗಿ, ಮೀಟರಿನಲ್ಲಿ 84 ಕಂಡಾಗ ನಾನು ಯಾರನ್ನೂ ಕೇಳಲಿಲ್ಲ. ಕೀಲಿ ತಿರುವಿದೆ. ಗುಂಡು 1ರಿಂದ 4ಕ್ಕೆ ಏರಿತು. ಹತ್ತೇ ನಿಮಿಷದಲ್ಲಿ 93, ಆಮೇಲೆ 95. ಎಂಥಾ ಸಮಾಧಾನ ಆಯಿತು ಅಂದರೆ, ಅಪ್ಪನ ಪಕ್ಕದಲ್ಲೇ ಚಾಪೆ ಹಾಕಿಕೊಂಡು ನಾನೂ ನಿದ್ದೆ ಹೋದೆ.

ಒಂಬತ್ತು ಗಂಟೆಗೆ ಹೆಂಡತಿ ಚಹಾ ಒಯ್ದಳು. ಕರೆದರೆ ಹೂಂ ಅಂದ, ಕಣ್ಣು ತೆರೆಯಲಿಲ್ಲ. ಇಬ್ಬರೂ ಸೇರಿ ಎತ್ತಿ ಕೂರಿಸಿದೆವು. ಮುಖ ಕೆಂಪಗಿತ್ತು, ಕೈ ಬೆಚ್ಚಗಿತ್ತು. "ತೆಲಿ ಸಿಡ್ಯಾಕತ್ತೈತಿ" ಅಂತ ಹಣೆ ಹಿಡಿದುಕೊಂಡ. ಚಹಾದ ಬಟ್ಟಲು ಕೈಗೆ ಕೊಟ್ಟೆ. ಕೈ ನಡುಗಿದ್ದಲ್ಲ, ಮಣಿಕಟ್ಟು ಒಮ್ಮೆಲೇ ಸತ್ತ ಹಾಗೆ ಜೋತು ಮತ್ತೆ ಎದ್ದಿತು, ಮತ್ತೆ ಜೋತಿತು. ಚಹಾ ಪೂರಾ ಹಾಸಿಗೆಗೆ. ನನ್ನ ಮುಖ ನೋಡಿ ತೀರಿಹೋದ ನನ್ನ ಕಾಕಾನ ಹೆಸರು ಹಿಡಿದು ಕರೆದ. ಮೀಟರ್ ಮಾತ್ರ ಇನ್ನೂ 96 ಅಂತಲೇ ಹೇಳುತ್ತಿತ್ತು.

ಬಾಜೂ ಮನೆಯವರ ಕಾರಿನಲ್ಲಿ ಹಾಕಿಕೊಂಡು ವಿದ್ಯಾನಗರದ ಒಂದು ಆಸ್ಪತ್ರೆಗೆ ಹೊರಟೆವು. ಚೆನ್ನಮ್ಮ ಸರ್ಕಲ್‌ನಲ್ಲಿ ಸಿಕ್ಕಿಬಿದ್ದ ಆ ಐದು ನಿಮಿಷ ಬರೆಯೋಕೆ ಹೋಗಲ್ಲ.

ಎಮರ್ಜೆನ್ಸಿಯಲ್ಲಿ ಇದ್ದದ್ದು ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ. ಫೈಲು ತೆರೆಯುವ ಮೊದಲೇ ಕೇಳಿದರು.

"ಮನ್ಯಾಗ ಆಕ್ಸಿಜನ್ ಎಷ್ಟ ಇಟ್ಟಿದ್ರಿ?"

"ನಾಲ್ಕ್ ರೀ ಮೇಡಂ."

"ಯಾರ್ ಹೇಳಿದ್ರು?"

ನಾನು ಸುಮ್ಮನೆ ನಿಂತೆ. ಅವರು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅಪ್ಪನಿಗೆ ಎರಡೂ ಕೈ ಮುಂದೆ ಚಾಚಿಸಿ, "ಅಜ್ಜಾರ, ಗಾಡಿ ನಿಲ್ಲಸ್ತಾರಲ್ಲ ಪೊಲೀಸರು, ಹಂಗ ಅಂಗೈ ಎತ್ರಿ" ಅಂದರು. ಎತ್ತಿದ ಅಂಗೈ ಪಟ್ ಅಂತ ಬಿತ್ತು, ಎದ್ದಿತು, ಬಿತ್ತು. ಡಾಕ್ಟರು ನರ್ಸ್ ಕಡೆ ನೋಡಿ "ಸಿಓಟು ಏರೈತಿ, ಎಬಿಜಿ ತಗೀರಿ" ಅಂದವರೇ ಆಕ್ಸಿಜನ್ ಇಳಿಸಿಬಿಟ್ಟರು. ಮಾನಿಟರ್ 96ರಿಂದ 90ಕ್ಕೆ ಬಂತು. "ಮೇಡಂ, ಕಡಿಮಿ ಆಗಾಕತ್ತೈತಲ್ರಿ!" ಅಂತ ನಾನು ಒದರಿದೆ. "ಆಗ್ಲಿ, ಇವ್ರಿಗೆ ಇಷ್ಟ ಸಾಕು" ಅಂದರು.

ಎಬಿಜಿ ಅಂದರೆ ರಕ್ತದಲ್ಲಿ ಆಮ್ಲಜನಕ, ಕಾರ್ಬನ್ ಡೈಆಕ್ಸೈಡ್ (ಸಿಓಟು) ಎಷ್ಟಿದೆ ಅಂತ ನೋಡೋದು, ಮಾಮೂಲಿ ರಕ್ತ ಪರೀಕ್ಷೆ ಅಲ್ಲ. ಮೊಣಕೈ ಹತ್ತಿರ ಪಟ್ಟಿ ಕಟ್ಟಿ ತೆಗೆಯೋದು ದೇಹ ಸುತ್ತಿ ವಾಪಸ್ ಬರುತ್ತಿರುವ ರಕ್ತ. ಇದಕ್ಕೆ ಬೇಕಾದದ್ದು ಪುಪ್ಪುಸದಿಂದ ತೊಳೆದುಕೊಂಡು ಆಗಷ್ಟೇ ಹೊರಟ ರಕ್ತ, ಅಂದರೆ ನಾಡಿ ಬಡಿಯುವ ರಕ್ತನಾಳದ್ದು. ಮೊದಲು ಅಪ್ಪನ ಮುಷ್ಟಿ ಬಿಗಿಸಿ, ಮಣಿಕಟ್ಟಿನ ಎರಡೂ ಬದಿ ಒತ್ತಿ ಹಿಡಿದು, ಅಂಗೈ ಬಿಳಿಚಿಕೊಂಡ ಮೇಲೆ ಒಂದು ಬದಿ ಮಾತ್ರ ಬಿಟ್ಟರು. ಅಂಗೈ ಮತ್ತೆ ಕೆಂಪಾಯಿತು. ಇನ್ನೊಂದು ನಾಳಕ್ಕೆ ಏನಾದರೂ ಆದರೂ ಕೈಗೆ ರಕ್ತ ಬರುತ್ತದೆ ಅಂತ ಖಾತ್ರಿ ಮಾಡಿಕೊಳ್ಳೋದಂತೆ. ಆಮೇಲೆ ಹೆಬ್ಬೆರಳಿನ ಕಡೆಯ ನಾಡಿಯ ಮೇಲೆ ಎರಡು ಬೆರಳಿಟ್ಟು, ಬೆರಳ ಪಕ್ಕದಲ್ಲೇ ಸೂಜಿ ಓರೆಯಾಗಿ ಇಳಿಸಿದರು. ಅಷ್ಟೊತ್ತು ಮಂಪರಿನಲ್ಲಿದ್ದ ಅಪ್ಪ "ಅಯ್ಯಯ್ಯೋ ಯವ್ವಾ" ಅಂದ. ನನಗೆ ಆ ಒದರಾಟ ಕೇಳಿಯೇ ಜೀವ ಬಂತು. ಸಿರಿಂಜ್ ಯಾರೂ ಎಳೆಯಲಿಲ್ಲ. ನಾಡಿ ಬಡಿದ ಹಾಗೆಲ್ಲ ರಕ್ತ ತಾನೇ ಹೆಜ್ಜೆಹೆಜ್ಜೆಯಾಗಿ ಮೇಲೇರಿತು. ಗುಳ್ಳೆ ಹೊರಗೆ ತಳ್ಳಿ, ಮುಚ್ಚಳ ಹಾಕಿ, ನರ್ಸ್ ಓಡುನಡಿಗೆಯಲ್ಲಿ ಮಶೀನಿನ ಕಡೆ ಹೋದರು. ಐದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ ಅಂತ ಹತ್ತಿ ನನ್ನ ಕೈಗೆ ಕೊಟ್ಟರು. ನನ್ನ ಹೆಬ್ಬೆರಳ ಕೆಳಗೆ ಅಪ್ಪನ ನಾಡಿ ಕುಣಿಯುತ್ತಿತ್ತು.

ರಿಪೋರ್ಟ್ ಬಂದದ್ದು ಬಸ್ ಟಿಕೆಟ್‌ನಂಥ ಉದ್ದದ ಚೀಟಿಯಲ್ಲಿ. ಪಿಎಚ್ (ಇದು ಇಳಿದಷ್ಟೂ ರಕ್ತದಲ್ಲಿ ಆಮ್ಲ ಜಾಸ್ತಿ ಅಂತ) 7.26, ಇರಬೇಕಾದ್ದು 7.35ರಿಂದ 7.45. ಕಾರ್ಬನ್ ಡೈಆಕ್ಸೈಡ್ 78, ಇರಬೇಕಾದ್ದು 35ರಿಂದ 45. ಬೈಕಾರ್ಬೊನೇಟ್ 34, ಇರಬೇಕಾದ್ದು 22ರಿಂದ 26. ಅಪ್ಪನ ಮಟ್ಟಿಗೆ ಆಮ್ಲಜನಕ ಒಂದೇ ಸರಿಯಿದ್ದದ್ದು.

ಸಂಜೆ ಸ್ವಲ್ಪ ಬಿಡುವಾದಾಗ ಡಾಕ್ಟರು ಆ ಚೀಟಿ ಹಿಡಿದುಕೊಂಡು ಕೂತರು. ನಾನು ಲೆಕ್ಕ ಬರೆಯುವವನು ಅಂತ ಗೊತ್ತಾದ ಮೇಲೆ ಒಂದು ಮಾತು ಹೇಳಿದರು, ಅದು ಇವತ್ತಿಗೂ ಕಿವಿಯಲ್ಲಿದೆ. "ನೀವು ಆವಕದ ಪುಸ್ತಕ ಅಷ್ಟ ನೋಡೀರಿ. ಜಾವಕ ನಿಂತಿದ್ದು ಆ ಬೆರಳಿನ ಮಶೀನಿಗೆ ಕಾಣೂದಿಲ್ರಿ."

ಅವರು ಹೇಳಿದ್ದು, ಆಮೇಲೆ ನಾನು ಓದಿಕೊಂಡಿದ್ದು, ಎರಡೂ ಸೇರಿಸಿ ಬರೆಯುತ್ತೇನೆ.

ನಾವು ತಿಂದ ರೊಟ್ಟಿ, ಅನ್ನ, ಎಣ್ಣೆ ಎಲ್ಲದರಲ್ಲೂ ಇಂಗಾಲ ಇದೆ. ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಅದನ್ನು ಹಂತಹಂತವಾಗಿ ಕಡಿದು ಶಕ್ತಿ ತೆಗೆಯುತ್ತದೆ. ಉಳಿದ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಸುಮಾರು 250 ಮಿಲಿ ಆಮ್ಲಜನಕ ಬಳಸಿ 200 ಮಿಲಿಯಷ್ಟು ಕಾರ್ಬನ್ ಡೈಆಕ್ಸೈಡ್ ಮಾಡುತ್ತಾನೆ. ದಿನಕ್ಕೆ ಲೆಕ್ಕ ಹಾಕಿದರೆ ಬರೀ ಕೂತದ್ದಕ್ಕೇ ಅರ್ಧ ಕಿಲೋ ದಾಟುತ್ತದೆ, ಓಡಾಟ, ಕೆಲಸ ಸೇರಿದರೆ ಸುಮಾರು ಒಂದು ಕಿಲೋ. ಹೌದು, ಕಿಲೋ! ನಾವು ನಿತ್ಯ ಒಂದು ಕಿಲೋ ಸರಕು ಮೂಗಿನಿಂದ ಸಾಗಿಸುತ್ತೇವೆ, ಹಮಾಲಿಯೂ ಇಲ್ಲ, ತೂಕದ ಚೀಟಿಯೂ ಇಲ್ಲ. ತೂಕ ಇಳಿಸಿದವರ ಕೊಬ್ಬು ಎಲ್ಲಿ ಹೋಗುತ್ತದೆ ಅಂತ ಕೇಳಿದರೆ ಬೆವರು ಅನ್ನುತ್ತಾರೆ ಅಲ್ವಾ? 10 ಕಿಲೋ ಕೊಬ್ಬು ಪೂರ್ತಿ ಕರಗಿದರೆ ಅದರಲ್ಲಿ 8.4 ಕಿಲೋ ಹೋಗೋದು ಉಸಿರಿನಲ್ಲಿ, ಕಾರ್ಬನ್ ಡೈಆಕ್ಸೈಡ್ ಆಗಿ. ಉಳಿದದ್ದು ನೀರು. ಇದನ್ನು ಹೆಂಡತಿಗೆ ಹೇಳಿದ್ದೇ ತಪ್ಪಾಯಿತು, ಈಗ ನಾನು ನಿಟ್ಟುಸಿರು ಬಿಟ್ಟರೆ "ಎಷ್ಟ್ ಗ್ರಾಂ ಹೋತು?" ಅಂತ ಕೇಳುತ್ತಾಳೆ.

ಸರಕು ತಯಾರಾಗೋದು ಕಾಲಿನ ಬೆರಳಲ್ಲೂ ಮಿದುಳಲ್ಲೂ. ಅದನ್ನು ಎದೆಯವರೆಗೆ ತರಬೇಕು. ಇಲ್ಲೇ ಇರೋದು ನಿಜವಾದ ಮಜಾ. ಸ್ವಲ್ಪ ಭಾಗ, ನೂರಕ್ಕೆ ಏಳೆಂಟರಷ್ಟು, ರಕ್ತದಲ್ಲಿ ಹಾಗೇ ಕರಗಿ ಬರುತ್ತದೆ, ಗೋಲಿ ಸೋಡಾದಲ್ಲಿ ಗ್ಯಾಸ್ ಕರಗಿರೋ ಹಾಗೆ. ನೂರಕ್ಕೆ ಇಪ್ಪತ್ತರ ಆಚೀಚೆ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಬರುತ್ತದೆ. ಉಳಿದ ಎಪ್ಪತ್ತರಷ್ಟು ಬರುವಾಗ ಗ್ಯಾಸೇ ಆಗಿರೋದಿಲ್ಲ, ವೇಷ ಬದಲಿಸಿರುತ್ತದೆ. ಕೆಂಪು ರಕ್ತಕಣದೊಳಗೆ ಕಾರ್ಬಾನಿಕ್ ಅನ್‌ಹೈಡ್ರೇಸ್ ಅಂತ ಒಂದು ಕಿಣ್ವ ಇದೆ. ಅದು ಕಾರ್ಬನ್ ಡೈಆಕ್ಸೈಡನ್ನೂ ನೀರನ್ನೂ ಸೇರಿಸಿ ಕಾರ್ಬಾನಿಕ್ ಆಮ್ಲ ಮಾಡುತ್ತದೆ, ಸೋಡಾ ನಾಲಿಗೆಗೆ ಚುರ್ ಅನ್ನಿಸೋದು ಇದೇ ಆಮ್ಲದಿಂದ. ಒಂದೊಂದು ಕಿಣ್ವವೂ ಸೆಕೆಂಡಿಗೆ ಹತ್ತು ಲಕ್ಷದವರೆಗೆ ಅಣುಗಳನ್ನು ಬದಲಿಸಬಲ್ಲದು. ಆಮ್ಲ ತಕ್ಷಣ ಒಡೆದು ಬೈಕಾರ್ಬೊನೇಟ್ ಮತ್ತು ಹೈಡ್ರೋಜನ್ ಅಯಾನು ಆಗುತ್ತದೆ. ಹೈಡ್ರೋಜನ್ನನ್ನು ಹಿಮೋಗ್ಲೋಬಿನ್ ಹಿಡಿದಿಟ್ಟುಕೊಳ್ಳುತ್ತದೆ, ಬೈಕಾರ್ಬೊನೇಟ್ ಕಣದಿಂದ ಹೊರಗೆ ರಕ್ತದ ನೀರಿಗೆ ಇಳಿಯುತ್ತದೆ. ಅದರ ಜಾಗಕ್ಕೆ ಕ್ಲೋರೈಡ್ ಒಳಗೆ ಬರುತ್ತದೆ. ಒಂದು ಚೀಲ ಇಳಿದರೆ ಒಂದು ಚೀಲ ಏರಲೇಬೇಕು, ಲೆಕ್ಕ ತಾಳೆಯಾಗಬೇಕಲ್ಲ.

ಎದೆಗೆ ಬಂದ ಮೇಲೆ ಎಲ್ಲಾ ಉಲ್ಟಾ. ಹಿಮೋಗ್ಲೋಬಿನ್ ಆಮ್ಲಜನಕ ಹಿಡಿದುಕೊಂಡ ಕೂಡಲೇ ಹೈಡ್ರೋಜನ್ ಕೈಬಿಡುತ್ತದೆ, ಬೈಕಾರ್ಬೊನೇಟ್ ವಾಪಸ್ ಕಣದೊಳಗೆ ಬರುತ್ತದೆ, ಅದೇ ಕಿಣ್ವ ಮತ್ತೆ ಗ್ಯಾಸ್ ಮಾಡಿ ಪುಪ್ಪುಸದ ಪುಟ್ಟ ಗಾಳಿಗೂಡಿಗೆ ಬಿಡುತ್ತದೆ. ರಕ್ತಕಣ ಅಲ್ಲಿ ಇರೋದು ಮುಕ್ಕಾಲು ಸೆಕೆಂಡ್ ಅಷ್ಟೇ. ಒಳಗೆ ಎಳೆದ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ನೂರಕ್ಕೆ 0.04, ಹೊರಗೆ ಬಿಟ್ಟದ್ದರಲ್ಲಿ ಸುಮಾರು 4. ನೂರು ಪಟ್ಟು.

ಅಪ್ಪನಲ್ಲಿ ಕೆಟ್ಟಿದ್ದು ತಯಾರಿಯೂ ಅಲ್ಲ, ಸಾಗಾಟವೂ ಅಲ್ಲ. ಕೊನೆಯ ಬಾಗಿಲು. ಬೀಡಿ ಮತ್ತು ಧೂಳಿನಿಂದ ಗಾಳಿಗೂಡುಗಳ ಗೋಡೆ ಹರಿದು, ಸಣ್ಣ ಕೊಳವೆಗಳು ಉಸಿರು ಬಿಡುವಾಗ ಮುಚ್ಚಿಕೊಳ್ಳುತ್ತವೆ. ಗಾಳಿ ಒಳಗೆ ಹೇಗೋ ಹೋಗುತ್ತದೆ, ಪೂರ್ತಿ ಹೊರಗೆ ಬರೋದಿಲ್ಲ. "ಆ 34 ನೋಡ್ರಿ, ಇದು ಇವತ್ತಿಂದಲ್ಲ, ಹಳೇ ಬಾಕಿ" ಅಂದರು ಡಾಕ್ಟರು. ಕಾರ್ಬನ್ ಡೈಆಕ್ಸೈಡ್ ನಿಂತು ರಕ್ತ ಆಮ್ಲವಾಗತೊಡಗಿದರೆ ಮೂತ್ರಪಿಂಡಗಳು ಬೈಕಾರ್ಬೊನೇಟ್ ಉಳಿಸಿಕೊಂಡು ಸರಿದೂಗಿಸುತ್ತವೆ. ಆದರೆ ಅವಕ್ಕೆ ದಿನಗಟ್ಟಲೆ ಬೇಕು. ಅಂದರೆ ಅಪ್ಪನ ಮೈ ಎಷ್ಟೋ ತಿಂಗಳಿಂದ ಸದ್ದಿಲ್ಲದೆ ಹೊಂದಾಣಿಕೆ ಮಾಡಿಕೊಂಡು ಬಂದಿತ್ತು. ಒಂದೇ ರಾತ್ರಿಯಲ್ಲಿ ಏರಿದ್ದಕ್ಕೆ ಮಾತ್ರ ಅದರ ಹತ್ತಿರ ಉತ್ತರ ಇರಲಿಲ್ಲ.

ಆ ರಾತ್ರಿ ಏರಿಸಿದ್ದರಲ್ಲಿ ಸೋಂಕಿನ ಪಾಲೂ ಇತ್ತು, ನನ್ನ ಕೈಯ ಪಾಲೂ ಇತ್ತು. ಆಮ್ಲಜನಕ ಜಾಸ್ತಿ ಕೊಟ್ಟರೆ ಕಾರ್ಬನ್ ಡೈಆಕ್ಸೈಡ್ ಯಾಕೆ ಏರಬೇಕು? ಇದನ್ನು ನಾನು ಎರಡು ಸಲ ಹೇಳಿಸಿಕೊಂಡೆ. ಗಾಳಿ ಸರಿಯಾಗಿ ಬಾರದ ಗಾಳಿಗೂಡುಗಳ ಕಡೆ ರಕ್ತ ಹೋಗದ ಹಾಗೆ ಮೈ ತಾನೇ ಆ ರಸ್ತೆ ಬಿಗಿ ಮಾಡಿರುತ್ತದೆ, ಬಾಗಿಲು ಹಾಕಿದ ಗೋದಾಮಿಗೆ ಲಾರಿ ಯಾಕೆ ಕಳಿಸಬೇಕು ಅಂತ. ಆಮ್ಲಜನಕ ಸುರಿದಾಗ ಆ ಬಿಗಿ ಸಡಿಲಾಗುತ್ತದೆ. ಲಾರಿಗಳು ಮುಚ್ಚಿದ ಬಾಗಿಲಿಗೆ ಹೋಗಿ ಸರಕು ಇಳಿಸದೆ ವಾಪಸ್ ಬರುತ್ತವೆ. ಮತ್ತೆ, ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಕಾರ್ಬನ್ ಡೈಆಕ್ಸೈಡ್ ಕೆಳಗೆ ಹಾಕುತ್ತದೆ ಅಂದೆನಲ್ಲ, ಹಾಲ್ಡೇನ್ ಪರಿಣಾಮ ಅಂತ ಅದರ ಹೆಸರು, 1914ರಲ್ಲೇ ತೋರಿಸಿದ್ದು. ನಮ್ಮ ನಿಮ್ಮಲ್ಲಿ ಹಾಗೆ ಇಳಿದದ್ದನ್ನು ಎರಡು ಉಸಿರು ಜಾಸ್ತಿ ಬಿಟ್ಟು ಹೊರಗೆ ಹಾಕುತ್ತೇವೆ. ಅಪ್ಪನಿಗೆ ಆ ಎರಡು ಉಸಿರಿನ ತಾಕತ್ತಿರಲಿಲ್ಲ. ಉಸಿರಾಡಬೇಕೆಂಬ ಒತ್ತಡವೂ ಸ್ವಲ್ಪ ತಗ್ಗುತ್ತದೆ. ಮೊದಲು ಅದೊಂದೇ ಕಾರಣ ಅಂತ ಹೇಳುತ್ತಿದ್ದರಂತೆ, ಈಗ ಮೊದಲಿನ ಎರಡಕ್ಕೇ ತೂಕ ಜಾಸ್ತಿ.

ಹಾಗಂತ ಆಕ್ಸಿಜನ್ ಕೊಡಲೇಬಾರದು ಅಂತಲ್ಲ. 84ಕ್ಕೆ ಬಿಡೋದೂ ತಪ್ಪೇ. ಅಳತೆ ಇರಬೇಕು, 88ರಿಂದ 92. ಚೀಟಿಯಲ್ಲಿ ಬರೆದದ್ದು ಅದೇ ತಾನೇ.

ಆಸ್ಪತ್ರೆಯಲ್ಲಿ ಅಪ್ಪನಿಗೆ ಅವತ್ತೇ ಬೈಪ್ಯಾಪ್ ಹಾಕಿದರು, ಉಸಿರಾಟಕ್ಕೆ ಒತ್ತು ಕೊಡುವ ಮಶೀನು. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕು, ತಲೆಯ ಹಿಂದೆ ಪಟ್ಟಿ. ಉಸಿರು ಎಳೆಯುವಾಗ ಮಶೀನು ಜೋರಾಗಿ ತಳ್ಳುತ್ತದೆ, ಬಿಡುವಾಗ ಒತ್ತಡ ಇಳಿಸುತ್ತದೆ. ಉಸಿರು ದೊಡ್ಡದಾದಷ್ಟೂ ಒಳಗಿನದು ಹೊರಗೆ ಬರುತ್ತದೆ. ಹೇಳೋಕೆ ಸುಲಭ. ಅಪ್ಪನ ಹಲ್ಲಿನ ಸೆಟ್ ತೆಗೆದಿದ್ದರು, ಗಲ್ಲ ಒಳಗೆ ಹೋಗಿ ಮಾಸ್ಕಿನ ಅಂಚಿನಿಂದ ಪುಸ್ ಅಂತ ಗಾಳಿ ಸೋರುತ್ತಿತ್ತು, ಸೋರಿದಾಗಲೆಲ್ಲ ಮಶೀನು ಕೂಗುತ್ತಿತ್ತು. ಮಂಪರು ಸ್ವಲ್ಪ ಇಳಿದದ್ದೇ ಮಾಸ್ಕು ಕಿತ್ತು ಹಾಕಲು ಶುರು ಮಾಡಿದ. "ಉಸಲ್ ಕಟ್ಟತೈತೋ, ತಗಿಯೋ ಇದನ್" ಅಂತ ಮಾಸ್ಕಿನೊಳಗಿಂದಲೇ ಬೈಗುಳ. ನಾನು ಅವನ ಕೈ ಹಿಡಿದು ಕೂತೆ. ನರ್ಸ್ ಬಂದು "ಅಜ್ಜಾ, ಮಶೀನ್ ಕೂಡ ಜಗಳಾ ಬ್ಯಾಡ್ರಿ, ಅದು ತಳ್ಳಿದಾಗ ತಗೋರಿ, ಬಿಟ್ಟಾಗ ಬಿಡ್ರಿ" ಅಂತ ತಮ್ಮ ಎದೆ ಏರಿಸಿ ಇಳಿಸಿ ತೋರಿಸಿದರು. ಅರ್ಧ ತಾಸಿನ ಮೇಲೆ ಅಪ್ಪನಿಗೆ ಆ ತಾಳ ಸಿಕ್ಕಿತು.

ಎರಡು ತಾಸಿಗೆ ಮತ್ತೆ ಸೂಜಿ: ಪಿಎಚ್ 7.31, ಕಾರ್ಬನ್ ಡೈಆಕ್ಸೈಡ್ 68. ಆ ಹತ್ತು ಅಂಕಿ ಇಳಿದದ್ದಕ್ಕೆ ನಾನು ಆಸ್ಪತ್ರೆಯ ಹೊರಗೆ ಹೋಗಿ ಚಹಾ ಕುಡಿದೆ, ಆ ದಿನದ ಮೊದಲನೇ ಚಹಾ.

ಮಧ್ಯರಾತ್ರಿ ಕಾರಿಡಾರಿನ ಬೆಂಚಿನ ಮೇಲೆ ಕೂತಾಗ ಜೇಬಲ್ಲಿ ಮನೆಯ ಆಕ್ಸಿಮೀಟರ್ ಸಿಕ್ಕಿತು. ಸುಮ್ನೆ ಬೆರಳಿಗೆ ಹಾಕಿಕೊಂಡು ಉಸಿರು ಬಿಗಿಹಿಡಿದೆ. ಮೂವತ್ತು ಸೆಕೆಂಡಿಗೆ ಎದೆ ಒದ್ದಾಡಲು ಶುರು. ನಲವತ್ತಕ್ಕೆ ಗಂಟಲು ತಾನೇ ನುಂಗುತ್ತಿದೆ, ಹೊಟ್ಟೆ ಜಿಗಿಯುತ್ತಿದೆ. ನಲವತ್ತೈದಕ್ಕೆ ಬಿಟ್ಟೆ. ಬಿಡುವಾಗ ಮೀಟರ್ ನೋಡಿದೆ: 97. ಶುರುವಿನಲ್ಲೂ 97. ಆಮ್ಲಜನಕ ಒಂದು ಅಂಕಿಯೂ ಇಳಿದಿರಲಿಲ್ಲ. ಹಾಗಾದರೆ ನನ್ನನ್ನು ಅಷ್ಟು ಒದ್ದಾಡಿಸಿದ್ದು ಯಾವುದು? ಹೊರಗೆ ಹೋಗಬೇಕಾದದ್ದು ಹೋಗದೆ ಉಳಿದದ್ದು. ಮಿದುಳಿನ ಬುಡದಲ್ಲಿ ಕಾವಲುಗಾರರಿದ್ದಾರೆ, ಅವರು ಮುಖ್ಯವಾಗಿ ಕಾಯೋದು ಕಾರ್ಬನ್ ಡೈಆಕ್ಸೈಡಿನಿಂದ ಏರುವ ಆಮ್ಲವನ್ನೇ. ವರ್ಷಗಟ್ಟಲೆ ಅದರ ನಡುವೆಯೇ ಬದುಕಿದ ಅಪ್ಪನ ಕಾವಲುಗಾರರಿಗೆ ಅದು ರೂಢಿಯಾಗಿಬಿಟ್ಟಿತ್ತು. ಅದಕ್ಕೇ ಅವನು ಒದ್ದಾಡಲಿಲ್ಲ, ಗೊರಕೆ ಹೊಡೆದ.

ಉಳಿದದ್ದೆಲ್ಲ ಬೇಗ ಹೇಳುತ್ತೇನೆ. ನೆಬ್ಯುಲೈಸರ್, ಸ್ಟೆರಾಯ್ಡ್, ಆ್ಯಂಟಿಬಯೋಟಿಕ್. ಮರುದಿನ ಬೆಳಿಗ್ಗೆ ಕಾರ್ಬನ್ ಡೈಆಕ್ಸೈಡ್ 58. ಅಪ್ಪ ನನ್ನ ಹೆಸರು ಹಿಡಿದು ಕರೆದು, "ಪ್ಯಾಟಿಗೆ ಹೋಗಿಲ್ಲೇನು ಇವತ್ತ?" ಅಂದ. ಐದನೇ ದಿನ 52, ಪಿಎಚ್ 7.39. ಅಪ್ಪನಿಗೆ 40 ಬರೋದಿಲ್ಲ, ಇನ್ನು ಮೇಲೆ ಅವನ ಲೆಕ್ಕ ಇದೇ ಅಂದರು. ನಾಲ್ಕು ವಾರ ಬಿಟ್ಟು ಮತ್ತೊಂದು ಎಬಿಜಿಗೆ ಬರಲು ಹೇಳಿದರು. ಮೂಗಿನ ಮೇಲೆ ಮಾಸ್ಕು ಒತ್ತಿದ ಕೆಂಪು ಗಾಯ, ಎರಡೂ ಮಣಿಕಟ್ಟಿನಲ್ಲಿ ನೀಲಿ ಕಲೆ.

ಮನೆಗೆ ಬಂದು ಮೊದಲು ಮಾಡಿದ ಕೆಲಸ, ಕಾನ್ಸನ್‌ಟ್ರೇಟರಿನ ಕೀಲಿಗೆ 1ರ ಮೇಲೆ ಟೇಪ್ ಸುತ್ತಿದ್ದು. ಗೋಡೆಗೆ ಹಾಳೆ ಅಂಟಿಸಿದೆ: 88-92. ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ, ಕೈ ಜೋಲುವುದು, ತಡವರಿಸುವ ಮಾತು, ಇವುಗಳಲ್ಲಿ ಒಂದು ಕಂಡರೂ ಮೀಟರ್ ನಂಬಬೇಡ, ಆಸ್ಪತ್ರೆಗೆ ನಡೆ.

ಡಾಕ್ಟರು ಒಂದು ಉಸಿರಿನ ಅಭ್ಯಾಸವನ್ನೂ ಹೇಳಿಕೊಟ್ಟಿದ್ದರು. ಮೂಗಿನಿಂದ ಎಳೆದು, ತುಟಿ ಸಣ್ಣ ಮಾಡಿ, ಬಿಸಿ ಚಹಾ ಆರಿಸುವ ಹಾಗೆ ನಿಧಾನ ಊದಬೇಕು. ಹಾಗೆ ಊದಿದರೆ ಕೊಳವೆಯೊಳಗೆ ಸ್ವಲ್ಪ ಒತ್ತಡ ನಿಂತು ಅದು ಬೇಗ ಮುಚ್ಚಿಕೊಳ್ಳೋದಿಲ್ಲ. ಅಪ್ಪನಿಗೆ ಇದು ಎರಡು ದಿನದಲ್ಲಿ ಬೇಜಾರಾಯಿತು. "ಸಣ್ಣ ಹುಡುಗರ ಆಟ" ಅಂದ.

ಅದಕ್ಕೆ ನಮ್ಮ ಮಗಳು, ಏಳನೇ ಕ್ಲಾಸು, ನಿಜವಾಗಿಯೂ ಆಟ ಮಾಡಿದಳು. ಅಜ್ಜನ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ಕದ್ದು, ಚಿಟಿಕೆ ಸುಣ್ಣ ನೀರಿಗೆ ಕಲಸಿ ರಾತ್ರಿಯಿಡೀ ಇಟ್ಟು, ಮೇಲಿನ ತಿಳಿ ಮಾತ್ರ ಎರಡು ಗ್ಲಾಸಿಗೆ ಬಸಿದಳು. ಒಂದೊಂದು ಸ್ಟ್ರಾ. "ಒಳಗ ಎಳಕೋಬ್ಯಾಡ ಅಜ್ಜಾ, ಬಾಯಿ ಸುಟ್ಟೀತು. ಬರೇ ಊದು" ಅಂದಳು. ಇಬ್ಬರೂ ಊದಿದರು. ಅವಳದು ಮೊದಲು ಮಬ್ಬಾಯಿತು, ಅಪ್ಪನದು ಆಮೇಲೆ ನಿಧಾನಕ್ಕೆ ಹಾಲಿನ ಬಣ್ಣಕ್ಕೆ ತಿರುಗಿತು. ಉಸಿರಿನ ಕಾರ್ಬನ್ ಡೈಆಕ್ಸೈಡ್ ಸುಣ್ಣದ ಜೊತೆ ಕೂಡಿ ನುಣ್ಣನೆ ಪುಡಿಯಾಗಿ ನೀರಿನಲ್ಲಿ ನಿಂತಿತ್ತು. ಅಷ್ಟು ದಿನ ಚೀಟಿಯ ಮೇಲಿನ ಅಂಕಿಯಾಗಿದ್ದದ್ದು ಗ್ಲಾಸಿನಲ್ಲಿ ಬೆಳ್ಳಗೆ ಕಂಡಿತು. ನಾನು ಬಗ್ಗಿ ನೋಡುತ್ತಾ ಕೂತುಬಿಟ್ಟೆ.

"ಇನ್ನೂ ಊದಿದ್ರ ಮತ್ತ ತಿಳಿ ಆಗ್ತದಂತ, ಬೈಕಾರ್ಬೊನೇಟ್ ಆಗಿ ಕರಗ್ತದಂತ" ಅಂತ ಅವಳು ಪುಸ್ತಕದಲ್ಲಿ ಓದಿದ್ದನ್ನು ಹೇಳಿದಳು.

ಅಪ್ಪ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದ. ಮೂಗಿನ ಪೈಪು ಸರಿ ಮಾಡಿಕೊಂಡ. "ಹೌದೇನು? ಹಂಗಾರ ತಿಳಿ ಆಗೂ ಮಟಾ ಬಿಡೂದಿಲ್ಲ" ಅಂತ ಮತ್ತೆ ಸ್ಟ್ರಾ ಬಾಯಿಗೆ ಇಟ್ಟುಕೊಂಡ. ಮಗಳು ಎಣಿಸತೊಡಗಿದಳು. ನಡುವೆ ಎರಡು ಸಲ ನಿಲ್ಲಿಸಿ ಸುಧಾರಿಸಿಕೊಂಡ. ಚಹಾ ಆರಿ ತಣ್ಣಗಾಯಿತು, ಗ್ಲಾಸು ಇನ್ನೂ ಬೆಳ್ಳಗೇ ಇತ್ತು, ಅಪ್ಪ ಊದುತ್ತಲೇ ಇದ್ದ.